ಒಮ್ಮೆ ಬರೆದು ಹಲವೆಡೆ ಬಳಸುವುದು: ಗುರುತು ಹಾಕಿದ ದಾಖಲೆಗಳ ಲಾಭ-ನಷ್ಟ

(ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಅವಗಾಹನೆಗಾಗಿ ಮುದ್ರಿಸಿದೆ.)



ನನಗೆ ವಹಿಸಿರುವ ವಿಷಯವು ಕಚೇರಿಯ ಬರವಣಿಗೆ ಮತ್ತು ಮುದ್ರಣಕ್ಕೆ ಸಂಬಂಧಿಸಿದ್ದು. ಇದು ನೌಕರರ ಕೆಲಸ, ಚುನಾಯಿತ ಸದಸ್ಯರಿಗೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಆದರೆ ಮುದ್ರಣದ ದರಪಟ್ಟಿಗೆ, ಕಚೇರಿ ವೆಚ್ಚದ ಬಿಲ್ಲಿಗೆ, ಗುತ್ತಿಗೆಯ ಷರತ್ತುಗಳಿಗೆ ಸಭೆಯಲ್ಲಿ ಒಪ್ಪಿಗೆ ಕೊಡುವವರು ನೀವೇ. ಹಣ ಎಲ್ಲಿ ಸೋರುತ್ತಿದೆ ಎಂಬುದನ್ನು ತಿಳಿಯುವ ಹಕ್ಕೂ ನಿಮ್ಮದೇ.

ಒಂದು ಕಾಲುಸಂಕದ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಹಳ್ಳ ದಾಟಲು ಆಸರೆಯಿಲ್ಲವೆಂದು ವಾರ್ಡ್ ಸಭೆಯಲ್ಲಿ ಬೇಡಿಕೆ ಬರುತ್ತದೆ. ಅಲ್ಲಿ ಅದನ್ನು ‘ಕೆಳಗಿನಕೇರಿ ಹಳ್ಳಕ್ಕೆ ಕಾಲುಸಂಕ’ ಎಂದು ಬರೆದುಕೊಳ್ಳಲಾಗುತ್ತದೆ. ಗ್ರಾಮ ಸಭೆಯ ನಡವಳಿಯಲ್ಲಿ ಅದು ‘ಕೆಳಗಿನ ಕೇರಿಯಲ್ಲಿ ಕಿರುಸೇತುವೆ’ ಆಗುತ್ತದೆ. ಕ್ರಿಯಾ ಯೋಜನೆಯಲ್ಲಿ ‘ಕೆ. ಕೇರಿ ಫೂಟ್ ಬ್ರಿಜ್’ ಎನ್ನಿಸಿಕೊಳ್ಳುತ್ತದೆ. ಬಳಿಕ ತಂತ್ರಾಂಶದಲ್ಲಿ ಒಮ್ಮೆ, ಇಂಜಿನಿಯರರ ಅಂದಾಜು ಪಟ್ಟಿಯಲ್ಲಿ ಒಮ್ಮೆ, ಕಾರ್ಯಾದೇಶದಲ್ಲಿ ಒಮ್ಮೆ, ಬಿಲ್ಲಿನಲ್ಲಿ ಒಮ್ಮೆ, ಸ್ಥಳದ ನಾಮಫಲಕದಲ್ಲಿ ಒಮ್ಮೆ, ಜಮಾಬಂದಿಯ ವರದಿಯಲ್ಲಿ ಮತ್ತೊಮ್ಮೆ ಅದನ್ನು ಬರೆಯಬೇಕು. ಒಂದೇ ಸಂಕಕ್ಕೆ ಒಂಬತ್ತು ಬರಹ. ಪ್ರತಿ ಸಲವೂ ಯಾರೋ ಒಬ್ಬರು ಹಿಂದಿನ ಕಾಗದವನ್ನು ನೋಡಿ ಹೊಸದಾಗಿ ಟೈಪ್ ಮಾಡುತ್ತಾರೆ. ಹೆಸರು ತಾಳೆಯಾಗದೆ ಬಿಲ್ಲು ಹಿಂದಿರುಗಿದರೆ ಆಗ ಮಾತ್ರ ಅದು ಸಭೆಯ ಗಮನಕ್ಕೆ ಬರುತ್ತದೆ.

ಈ ತೊಂದರೆಯನ್ನು ಪ್ರಪಂಚದ ದೊಡ್ಡ ದೊಡ್ಡ ಪ್ರಕಾಶನ ವ್ಯವಸ್ಥೆಗಳೂ ಅನುಭವಿಸಿವೆ; ಅದಕ್ಕೆ ಪರಿಹಾರವನ್ನೂ ಕಂಡುಕೊಂಡಿವೆ. ಅಚ್ಚುಮೊಳೆಯ ಕಾಲದಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಮುದ್ರಣಾಲಯಕ್ಕೆ ಕಳುಹಿಸುತ್ತಿದ್ದರು: ಇದು ದಪ್ಪಕ್ಷರ, ಇದು ನಡುವಿಗೆ, ಇದು ಸಣ್ಣ ಮೊಳೆ ಎಂದು. ಆ ಗುರುತುಗಳು ಅಕ್ಷರದ ರೂಪವನ್ನು ಹೇಳುತ್ತಿದ್ದವು. ಗಣಕಯಂತ್ರ ಬಂದ ಮೇಲೆ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು 1969ರಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಅವರ ಮುಂದಿದ್ದದ್ದು ವಕೀಲರ ಕಚೇರಿಗಳ ಕಾಗದಪತ್ರಗಳ ಸಮಸ್ಯೆ. ಅಕ್ಷರ ದಪ್ಪವಾಗಿರಬೇಕೆಂದು ಹೇಳುವ ಬದಲು, ಈ ಭಾಗ ಶೀರ್ಷಿಕೆ, ಇದು ದಿನಾಂಕ, ಇದು ಪಕ್ಷಗಾರರ ಹೆಸರು ಎಂದು ಪ್ರತಿ ಭಾಗದ ಅರ್ಥವನ್ನೇ ಗುರುತಿಸಿಟ್ಟರೆ, ರೂಪವನ್ನು ಆಮೇಲೆ ಬೇಕಾದಂತೆ ಕೊಡಬಹುದು ಎಂಬುದು ಅವರ ಯೋಚನೆ. ಅದೇ ಬೆಳೆದು 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. 1998ರಲ್ಲಿ ಎಕ್ಸ್‌ಎಂಎಲ್ ಎಂಬ ಸರಳ ರೂಪ ತಾಳಿತು. ನಿಮ್ಮ ಕಚೇರಿಯಲ್ಲಿ ದಿನವೂ ತೆರೆಯುವ ವರ್ಡ್ ಕಡತದ ಹೊಟ್ಟೆಯೊಳಗೆ ಇರುವುದೂ ಇದೇ. 2007ರ ಆವೃತ್ತಿಯಿಂದ ಆ ತಂತ್ರಾಂಶವು ಕಡತವನ್ನು ಈ ರೀತಿಯಲ್ಲೇ ಉಳಿಸುತ್ತದೆ.

ವಿಮಾನ ತಯಾರಕರು, ವಾಹನ ತಯಾರಕರು ಈ ಪದ್ಧತಿಗೆ ಹಣ ಸುರಿದದ್ದು ಶಾಸ್ತ್ರದ ಮೇಲಿನ ಪ್ರೀತಿಯಿಂದಲ್ಲ. ಒಂದು ವಿಮಾನದ ದುರಸ್ತಿ ಕೈಪಿಡಿ ಸಾವಿರಾರು ಪುಟಗಳದ್ದು. ಒಂದು ಬಿಡಿಭಾಗ ಬದಲಾದರೆ ಅದು ನಮೂದಾಗಿರುವ ಎಲ್ಲ ಪುಟಗಳೂ ಬದಲಾಗಬೇಕು. ಒಂದು ಕಡೆ ಹಳೆಯ ಸೂಚನೆ ಉಳಿದರೆ ಅಪಾಯ. ಎಚ್ಚರಿಕೆಯ ವಾಕ್ಯವನ್ನು ಒಂದೇ ಕಡೆ ಬರೆದಿಟ್ಟು, ಬೇಕಾದ ಎಲ್ಲ ಕೈಪಿಡಿಗಳಿಗೂ ಅಲ್ಲಿಂದಲೇ ಎಳೆದುಕೊಂಡರೆ ತಿದ್ದುಪಡಿ ಒಂದೇ ಸಲದ ಕೆಲಸ. ಅನುವಾದದ ಖರ್ಚೂ ಹಾಗೆಯೇ: ಬದಲಾದ ತುಂಡನ್ನು ಮಾತ್ರ ಅನುವಾದಕ್ಕೆ ಕೊಟ್ಟರೆ ಸಾಕು, ಇಡೀ ಪುಸ್ತಕವನ್ನಲ್ಲ. ಐಬಿಎಂ ತನ್ನ ಕೈಪಿಡಿಗಳಿಗಾಗಿ ರೂಪಿಸಿಕೊಂಡ ಡೀಟಾ ಎಂಬ ಇಂಥ ಒಂದು ಪದ್ಧತಿ 2005ರಲ್ಲಿ ಸಾರ್ವಜನಿಕ ಮಾನಕವಾಯಿತು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇದರ ತಿರುಳನ್ನು ನಮ್ಮ ರೈತರು ತಲೆಮಾರುಗಳಿಂದ ಬಲ್ಲರು. ಅದು ಪಹಣಿ ಪತ್ರಿಕೆಯಲ್ಲಿದೆ. ಓದು ಬರಹ ಕಡಿಮೆಯಿರುವ ಹಿರಿಯರು ಕೂಡ ‘ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಸಾಲ ಕಾಣಿಸಿದೆಯೇ’ ಎಂದು ಕೇಳುತ್ತಾರೆ. 9 ಎಂದರೆ ಸ್ವಾಧೀನದಾರರ ಹೆಸರು, 11 ಎಂದರೆ ಹಕ್ಕು ಮತ್ತು ಋಣಗಳು, 12 ಎಂದರೆ ಸಾಗುವಳಿ ಮತ್ತು ಬೆಳೆ. ಅಂಕಿಯೇ ಅಲ್ಲಿ ಗುರುತು. ಬರೆದವರ ಕೈಬರಹ ಹೇಗೇ ಇರಲಿ, ಶಾಯಿ ಮಾಸಿರಲಿ, ಯಾವ ಮನೆಯಲ್ಲಿ ಯಾವ ಸಂಗತಿ ಇರಬೇಕೆಂಬುದು ಮೊದಲೇ ನಿರ್ಧಾರವಾಗಿತ್ತು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, 15 ರೂಪಾಯಿ ಶುಲ್ಕಕ್ಕೆ ತಾಲೂಕು ಕೇಂದ್ರದಲ್ಲಿ ಕೊಡುವಂತಾದದ್ದು ಈ ಕಾಲಂಗಳಿಂದಾಗಿ. ಅದೇ ಪಹಣಿಯನ್ನು ಶ್ಯಾನುಭೋಗರು ಪತ್ರದ ಧಾಟಿಯಲ್ಲಿ, ಒಂದು ಉದ್ದನೆಯ ಬರಹವಾಗಿ ಬರೆದಿಟ್ಟಿದ್ದರೆ ಅದನ್ನು ಗಣಕಯಂತ್ರಕ್ಕೆ ಏರಿಸಲು ಎಷ್ಟು ದಶಕಗಳು ಬೇಕಾಗುತ್ತಿದ್ದವೋ!

ಈಗ ನಮ್ಮ ನಡವಳಿ ಪುಸ್ತಕವನ್ನು ನೋಡಿ. ಅದು ಪತ್ರದ ಧಾಟಿಯಲ್ಲೇ ಇದೆ. ‘ಸಭೆಯಲ್ಲಿ ಚರ್ಚಿಸಿ ಸರ್ವಾನುಮತದಿಂದ ಠರಾಯಿಸಲಾಯಿತು’ ಎಂಬ ವಾಕ್ಯದ ಹಿಂದೆ ಮುಂದೆ ಸರ್ವೆ ನಂಬರ್, ಮೊತ್ತ, ಅನುದಾನದ ಹೆಸರು, ಸೂಚಿಸಿದ ಸದಸ್ಯರ ಹೆಸರು ಎಲ್ಲವೂ ಕಲಸಿಹೋಗಿರುತ್ತವೆ. ಗಣಕಯಂತ್ರದಲ್ಲಿ ಟೈಪ್ ಮಾಡಿದ ಮಾತ್ರಕ್ಕೆ ಇದು ಸರಿಯಾಗುವುದಿಲ್ಲ. ಠರಾವಿನ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆದರೆ ನಮ್ಮ ಕಣ್ಣಿಗೆ ಅದು ಠರಾವಿನ ಸಂಖ್ಯೆ. ಯಂತ್ರಕ್ಕೆ ಅದು ದಪ್ಪವಾದ ಒಂದು ಅಂಕಿ, ಅಷ್ಟೇ. ಹೆಡಿಂಗ್ ಎಂಬ ಸ್ಟೈಲನ್ನು ಆರಿಸಿ ಬರೆದರೆ ಮಾತ್ರ ಅದು ಶೀರ್ಷಿಕೆಯೆಂದು ಯಂತ್ರಕ್ಕೂ ತಿಳಿಯುತ್ತದೆ. ಆಗ ಪರಿವಿಡಿ ತಾನಾಗಿ ಸಿದ್ಧವಾಗುತ್ತದೆ. ಎರಡು ಕ್ಲಿಕ್ಕಿನ ವ್ಯತ್ಯಾಸ ಇದು. ಟೈಪ್ ಕಲಿಸುವಾಗ ಇದನ್ನು ಹೇಳಿಕೊಡದಿರುವುದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ, ಅದನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದಲ್ಲಿ ಕನ್ನಡ ಅಕ್ಷರಗಳು ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳ ಚಿತ್ರವನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಪೌಂಡ್ ಗುರುತು, ಕೊಂಬು ಕಟ್ಟಿದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕಾಣುತ್ತವೆ. ಅಂಥ ಕಡತದಲ್ಲಿ ‘ಕಾಲುಸಂಕ’ ಎಂದು ಯುನಿಕೋಡ್‌ನಲ್ಲಿ ಬೆರಳಚ್ಚಿಸಿ ಹುಡುಕಿದರೆ ಏನೂ ಸಿಗದು. ಅಂದಿನ ಕಾಲಕ್ಕೆ ಆ ಫಾಂಟುಗಳು ಕನ್ನಡಕ್ಕೆ ಮಹದುಪಕಾರ ಮಾಡಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಯುನಿಕೋಡ್ ಮಾನಕದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ನುಡಿ, ಬರಹ ತಂತ್ರಾಂಶಗಳೂ ಯುನಿಕೋಡ್‌ನಲ್ಲಿ ಬರೆಯುವ ಅನುಕೂಲವನ್ನು ಕೊಟ್ಟಿವೆ. ಹೀಗಿದ್ದೂ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಎಂದು ಏರಿಸುವ ರೂಢಿ ನಿಂತಿಲ್ಲ. ಅದು ಬರಹದ ಛಾಯಾಚಿತ್ರ. ಕಡತ ಗಣಕೀಕೃತವಾಯಿತೆಂದು ವರದಿಯಲ್ಲಿ ಬರೆಯಬಹುದು, ಹುಡುಕಲು ಮಾತ್ರ ಬಾರದು.

ಲಾಭದ ಲೆಕ್ಕಕ್ಕೆ ಬರೋಣ. ಇದು ಊಹೆಯ ಲೆಕ್ಕ. ನಿಮ್ಮ ಪಂಚಾಯತ್‌ನ ಅಂಕಿಗಳನ್ನು ಹಾಕಿ ನೀವೇ ಮಾಡಿನೋಡಿ. ವರ್ಷಕ್ಕೆ 150 ಕಾಮಗಾರಿಗಳ ವಿವರವನ್ನು ತಲಾ 7 ಕಡೆ ಬರೆಯಬೇಕು, ಒಂದು ಸಲಕ್ಕೆ 4 ನಿಮಿಷ ಎಂದಿಟ್ಟುಕೊಂಡರೆ 4,200 ನಿಮಿಷ, ಅಂದರೆ 70 ಗಂಟೆ. ಒಂದೇ ಕೋಷ್ಟಕದಲ್ಲಿ ಒಮ್ಮೆ ಬರೆದು ಉಳಿದ ಕಡೆಗೆ ಅಲ್ಲಿಂದ ತೆಗೆದುಕೊಂಡರೆ 10 ಗಂಟೆ. ಉಳಿತಾಯ 60 ಗಂಟೆ, ಸುಮಾರು ಎಂಟೊಂಬತ್ತು ಕೆಲಸದ ದಿನಗಳು. ಇಷ್ಟಕ್ಕೇ ಇಷ್ಟೊಂದು ಮಾತೇ ಎಂದು ನೀವು ಕೇಳಿದರೆ ನಾನು ಒಪ್ಪುತ್ತೇನೆ: ಟೈಪಿಂಗಿನ ಉಳಿತಾಯವೊಂದನ್ನೇ ಮುಂದಿಟ್ಟು ಯಾರಾದರೂ ದುಬಾರಿ ತಂತ್ರಾಂಶವನ್ನು ಮಾರಲು ಬಂದರೆ ವಿನಯದಿಂದ ಕಳುಹಿಸಿಬಿಡಿ. ನಿಜವಾದ ವೆಚ್ಚವು ತಪ್ಪಿನಲ್ಲಿದೆ. ಹೆಸರು ತಾಳೆಯಾಗದ ಒಂದು ಬಿಲ್ಲು ತಾಲೂಕು ಕೇಂದ್ರಕ್ಕೆ ಹೋಗಿ ಬರುವಷ್ಟರಲ್ಲಿ ಆರ್ಥಿಕ ವರ್ಷವೇ ಮುಗಿಯಬಹುದು. ಸಂಕ ಮುಂದಿನ ಮಳೆಗಾಲಕ್ಕೆ ಸಿಗದಿರಬಹುದು. ಅದನ್ನು ಯಾವ ಕೋಷ್ಟಕದಲ್ಲಿ ರೂಪಾಯಿಯಾಗಿ ಬರೆಯೋಣ?

ತಪ್ಪಿನ ಬೇರು ಬಹುಪಾಲು ಹೆಸರುಗಳಲ್ಲಿದೆ. ನಮ್ಮ ಕರಾವಳಿಯಲ್ಲಿ ‘ನಾಯ್ಕ’ ಮತ್ತು ‘ನಾಯಕ’ ಬೇರೆ ಬೇರೆ ಅಡ್ಡಹೆಸರುಗಳೆಂದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಹೊರಜಿಲ್ಲೆಯಿಂದ ಬಂದ ಆಪರೇಟರರಿಗೆ ಅದು ಒಂದು ಅಕ್ಷರದ ವ್ಯತ್ಯಾಸ. ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂದಾಗ ಯಾವುದು ಯಾವುದೋ ಆಗಿರುತ್ತದೆ. ಭಟ್ಕಳದ ನವಾಯತ ಕುಟುಂಬಗಳ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ ಮೂರು ಕಡೆ ಮೂರು ಕಾಗುಣಿತ. ಇದಲ್ಲದೆ ನಮ್ಮಲ್ಲಿ ಹೆಸರಿಗೆ ಮೂರು ಅಂಗಗಳಿವೆ: ಸ್ವಂತ ಹೆಸರು, ನಡುವೆ ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಇವನ್ನು ಮೂರು ಮನೆಗಳಲ್ಲಿ ಬರೆದಿಟ್ಟರೆ ಒಂದೇ ಕೇರಿಯಲ್ಲಿರುವ ಇಬ್ಬರು ಮಂಜುನಾಥರನ್ನು ಬೇರ್ಪಡಿಸಬಹುದು, ಅಡ್ಡಹೆಸರಿನ ಪ್ರಕಾರ ಅನುಕ್ರಮದಲ್ಲಿ ಜೋಡಿಸಬಹುದು. ಒಂದೇ ಮನೆಯಲ್ಲಿ ಸುರಿದರೆ ಎರಡೂ ಆಗದು. ಇ-ಸ್ವತ್ತಿನ ನಮೂನೆ 9 ಮತ್ತು 11ರಲ್ಲಿ ಹೆಸರು ತಪ್ಪಿದವರು ಸಾಲಕ್ಕೆ, ವಿಭಾಗ ಪತ್ರಕ್ಕೆ, ಮಾರಾಟಕ್ಕೆ ಹೋದಾಗ ಪಡುವ ಪಾಡನ್ನು ನಾನು ವಿವರಿಸಬೇಕಾಗಿಲ್ಲ. ಅವರು ಮೊದಲು ಬರುವುದು ನಿಮ್ಮ ಮನೆ ಬಾಗಿಲಿಗೇ.

ಮಳೆಯ ಮುನ್ನೆಚ್ಚರಿಕೆಯ ಸಂಗತಿಯನ್ನೂ ಇಲ್ಲಿ ಹೇಳಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯಿಂದ ನಮ್ಮ ಮೊಬೈಲಿಗೆ ಬರುವ ಸಂದೇಶವು ಮೂಲದಲ್ಲಿ ಗುರುತು ಹಾಕಿದ ಒಂದು ದಾಖಲೆ. ಕಾಮನ್ ಅಲರ್ಟಿಂಗ್ ಪ್ರೋಟೋಕಾಲ್ ಎಂಬ ಆ ನಮೂನೆ 2004ರಲ್ಲಿ ಮಾನಕವಾಯಿತು. ಅದರಲ್ಲಿ ಯಾವ ಅಪಾಯ, ಎಷ್ಟು ತೀವ್ರ, ಎಷ್ಟು ಖಚಿತ, ಯಾವ ಪ್ರದೇಶಕ್ಕೆ, ಯಾವ ಭಾಷೆಯಲ್ಲಿ, ಯಾವ ಗಳಿಗೆಯವರೆಗೆ ಎಂಬುದಕ್ಕೆ ಪ್ರತ್ಯೇಕ ಮನೆಗಳಿವೆ. ಆದ್ದರಿಂದ ಒಂದೇ ಎಚ್ಚರಿಕೆಯು ಮೊಬೈಲಿಗೆ, ದೂರದರ್ಶನಕ್ಕೆ, ಸೈರನ್ನಿಗೆ ಆಯಾ ರೂಪದಲ್ಲಿ ಹೋಗಬಲ್ಲದು. ಅವಧಿ ಮುಗಿದೊಡನೆ ತಾನಾಗಿ ರದ್ದಾಗಬಲ್ಲದು. ಇದಕ್ಕೆ ಹೋಲಿಸಿ ನಮ್ಮ ವಾಟ್ಸ್ಯಾಪ್ ಗುಂಪುಗಳ ಪ್ರಕಟಣೆಯನ್ನು ನೋಡಿ. ‘ಭಾರಿ ಮಳೆಯ ಕಾರಣ ನಾಳೆ ಶಾಲೆಗಳಿಗೆ ರಜೆ’ ಎಂಬ ಚಿತ್ರ ಮೂರು ದಿನಗಳ ಬಳಿಕವೂ ಕೈಯಿಂದ ಕೈಗೆ ಹರಿಯುತ್ತಿರುತ್ತದೆ. ಯಾವ ನಾಳೆ, ಯಾವ ತಾಲೂಕು? ಶರಾವತಿಯ ಅಥವಾ ಅಘನಾಶಿನಿಯ ದಡದ ಕೇರಿಗಳಿಗೆ ಪಂಚಾಯತ್‌ನಿಂದ ಸೂಚನೆ ಕೊಡುವಾಗಲಾದರೂ ದಿನಾಂಕ, ಗಂಟೆ, ಕೇರಿಗಳ ಹೆಸರು, ಯಾವಾಗಿನವರೆಗೆ, ಯಾರನ್ನು ಸಂಪರ್ಕಿಸಬೇಕು ಎಂಬ ಐದು ಸಾಲುಗಳ ಸಿದ್ಧ ನಮೂನೆಯಲ್ಲಿ ಕೊಡಿ. ಇದಕ್ಕೆ ಯಾವ ತಂತ್ರಾಂಶವೂ ಬೇಡ.

ಎಲ್ಲವನ್ನೂ ಹೀಗೆ ಮಾಡಬೇಕೆಂದು ನಾನು ಹೇಳಲಾರೆ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಗೆ, ಬೀಳ್ಕೊಡುಗೆಯ ಮಾನಪತ್ರಕ್ಕೆ ಗುರುತುಗಳ ಗೊಡವೆಯೇ ಬೇಡ. ಚೆನ್ನಾಗಿ ಕಂಡರೆ ಸಾಕು. ಒಮ್ಮೆ ಬರೆದು ಒಮ್ಮೆ ಓದಿ ಮುಗಿಯುವ ಕಾಗದಕ್ಕೆ ಖರ್ಚು ಮಾಡುವುದು ದಂಡ. ಹಲವು ಕಡೆ ಹೋಗಬೇಕಾದ, ಮೇಲಿಂದ ಮೇಲೆ ತಿದ್ದಬೇಕಾದ, ವರ್ಷಗಳ ಮೇಲೂ ಹುಡುಕಬೇಕಾದ ದಾಖಲೆಗಳಿಗೆ ಮಾತ್ರ ಈ ಶ್ರಮ ಸಲ್ಲುತ್ತದೆ: ಠರಾವುಗಳು, ಕಾಮಗಾರಿ ಪಟ್ಟಿ, ಮನೆ ತೆರಿಗೆ ವಹಿ, ಕುಡಿಯುವ ನೀರಿನ ಮೂಲಗಳ ಪಟ್ಟಿ. ಸರ್ಕಾರದ ತಂತ್ರಾಂಶಗಳಲ್ಲಿ ಈಗಾಗಲೇ ಮನೆಗಳಿರುವ ಸಂಗತಿಗಳಿಗೆ ಬೇರೆ ಕೋಷ್ಟಕವನ್ನು ಕಟ್ಟಿಕೊಂಡು ಎರಡೆರಡು ಕಡೆ ತುಂಬುವುದೂ ಬೇಡ. ಅದರಿಂದ ಕೆಲಸ ಹೆಚ್ಚುವುದೇ ವಿನಾ ಕಡಿಮೆಯಾಗದು.

ಸದಸ್ಯರ ಕೈಯಲ್ಲಿರುವುದು ಷರತ್ತು. ವಾರ್ಷಿಕ ವರದಿಯನ್ನೋ ನಾಗರಿಕ ಸನ್ನದಿನ ಪುಸ್ತಿಕೆಯನ್ನೋ ಮುದ್ರಣಕ್ಕೆ ಕೊಡುವಾಗ, ಮುದ್ರಿತ ಪ್ರತಿಗಳ ಜೊತೆ ತಿದ್ದಲು ಬರುವ ಮೂಲ ಕಡತವನ್ನು ಯುನಿಕೋಡ್‌ನಲ್ಲಿ ಒಪ್ಪಿಸತಕ್ಕದ್ದು, ಆ ಕಡತವು ಪಂಚಾಯತ್‌ನ ಸ್ವತ್ತು ಎಂಬ ಒಂದು ವಾಕ್ಯವನ್ನು ದರಪಟ್ಟಿಯ ಆಹ್ವಾನದಲ್ಲೇ ಸೇರಿಸಿ. ಈ ವಾಕ್ಯವಿಲ್ಲದಿದ್ದರೆ ಮುಂದಿನ ವರ್ಷ ಅದೇ ಪುಸ್ತಿಕೆಗೆ ಮತ್ತೆ ಮೊದಲಿನಿಂದ ಟೈಪಿಂಗ್ ವೆಚ್ಚವನ್ನು ತೆರಬೇಕಾಗುತ್ತದೆ. ಠರಾವುಗಳಿಗೆ ವರ್ಷ ಸಹಿತವಾದ ಕ್ರಮಸಂಖ್ಯೆ ಇರಲಿ. ಕೇರಿ, ಮಜರೆಗಳ ಹೆಸರುಗಳನ್ನು ಒಮ್ಮೆ ಸಭೆಯಲ್ಲಿ ಓದಿ, ಒಂದೇ ಕಾಗುಣಿತವನ್ನು ಒಪ್ಪಿ ಠರಾಯಿಸಿ. ಈ ಕೆಲಸ ಆಪರೇಟರರಿಂದ ಆಗುವಂಥದ್ದಲ್ಲ, ಊರು ಬಲ್ಲವರೇ ಮಾಡಬೇಕು.

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಸೂಚೀಕರಿಸಿ, ಸುಲಭವಾಗಿ ದೊರೆಯುವಂತೆ ಇಡಬೇಕೆಂದು ವಿಧಿಸಿದೆ. ಅರ್ಜಿ ಬಂದ ಮೇಲೆ 30 ದಿನಗಳ ಒಳಗೆ ಹುಡುಕುವ ಧಾವಂತಕ್ಕಿಂತ, ಸೂಚಿಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಅಗ್ಗ.

ಹಳೆಯ ವಹಿಗಳ ವಿಚಾರವೊಂದು ಉಳಿಯಿತು. ಹಿಂದಿನ ಐವತ್ತು ವರ್ಷಗಳ ಪುಸ್ತಕಗಳನ್ನೆಲ್ಲ ಟೈಪ್ ಮಾಡಿಸುವ ಪ್ರಸ್ತಾವ ಬಂದರೆ ಒಪ್ಪಬೇಡಿ. ಪುಟಗಳ ಚಿತ್ರ ತೆಗೆದಿಡಿ, ಪ್ರತಿ ನಮೂದಿಗೂ ಒಂದು ಸಾಲಿನ ಸೂಚಿ ಬರೆಸಿ: ವರ್ಷ, ಪುಸ್ತಕ, ಪುಟ, ಮನೆ ಸಂಖ್ಯೆ, ಹೆಸರಿನ ಮೂರು ಅಂಗಗಳು, ಕೇರಿ. ಪ್ರಾರಂಭ ಮಾಡಬೇಕಾದದ್ದು ಮನೆ ತೆರಿಗೆಯ ಹಳೆಯ ವಹಿಗಳಿಂದ. ಕಾರಣ, ಅರಣ್ಯ ಹಕ್ಕು ಕಾಯ್ದೆ, 2006ರ ಅಡಿಯಲ್ಲಿ ನಮ್ಮ ಜಿಲ್ಲೆಯ ಸಾವಿರಾರು ಕುಟುಂಬಗಳು ಅರ್ಜಿ ಸಲ್ಲಿಸಿವೆ. ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. 2008ರ ನಿಯಮಗಳಲ್ಲಿ ಹೇಳಿರುವ ಸಾಕ್ಷ್ಯಗಳ ಪೈಕಿ ಮನೆ ತೆರಿಗೆಯ ರಸೀದಿಯೂ ಒಂದು. ಅದೊಂದೇ ಸಾಲದು, ಬೇರೆ ಸಾಕ್ಷ್ಯದ ಜೊತೆ ಅದನ್ನು ಪರಿಗಣಿಸುತ್ತಾರೆ. ಅಜ್ಜ ಕಟ್ಟಿದ ತೆರಿಗೆಯ ರಸೀದಿ ಮನೆಯಲ್ಲಿ ಗೆದ್ದಲು ಹಿಡಿದು ಹೋಗಿದ್ದರೆ, ಅದರ ಮೂಲ ನಮೂದು ನಿಮ್ಮ ಕಚೇರಿಯ ಕಪಾಟಿನಲ್ಲಿರಬಹುದು. ಕರಾವಳಿಯ ತೇವಕ್ಕೆ ಆ ಕಾಗದವೂ ಹೆಚ್ಚು ಕಾಲ ಬಾಳದು. ಯಾವ ಕಪಾಟಿನಲ್ಲಿ ಯಾವ ವರ್ಷದ ವಹಿ ಇದೆಯೆಂಬುದರ ಪಟ್ಟಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಕೋರಿ, ಸೂಚಿಯ ಕೆಲಸವನ್ನು ಮಳೆಗಾಲಕ್ಕೆ ಮುನ್ನ ಆರಂಭಿಸುವಂತೆ ವಿನಂತಿಸುತ್ತೇನೆ.